ಹಳೆಯ ಪವರ್ ಹ್ಯಾಮರ್: ಪುನರ್ನಿರ್ಮಾಣ ಮತ್ತು ಮಾರಾಟದ ಲೆಕ್ಕಾಚಾರ

ಹಳೆಯ ಯಂತ್ರವೊಂದು ಗುಜರಿಗೆ ಹೋಗಬೇಕೋ ದುಡಿಮೆಗೆ ಮರಳಬೇಕೋ ಎಂಬುದನ್ನು ಅದರ ವಯಸ್ಸಿಗಿಂತ ಹೆಚ್ಚಾಗಿ ಅದರ ಯಾವ ಭಾಗ ಕೆಟ್ಟಿದೆ ಎಂಬ ಅಂಶ ನಿರ್ಧರಿಸುತ್ತದೆ. ಕಮ್ಮಾರಿಕೆಯ ಯಾಂತ್ರಿಕ ಸುತ್ತಿಗೆ, ಅಂದರೆ ಪವರ್ ಹ್ಯಾಮರ್, ಇದಕ್ಕೆ ಉತ್ತಮ ನಿದರ್ಶನ. ಅಮೆರಿಕದ ಮಿನ್ನೆಸೋಟ ರಾಜ್ಯದ ಮ್ಯಾಂಕಾಟೊ ನಗರದಲ್ಲಿ ಮೇಯರ್ ಬ್ರದರ್ಸ್ ಸಂಸ್ಥೆ ತಯಾರಿಸಿದ 'ಲಿಟಲ್ ಜಯಂಟ್' ಸುತ್ತಿಗೆಗಳು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಹಳ್ಳಿಯ ಕುಲುಮೆಗಳಲ್ಲಿ ನೇಗಿಲಿನ ಗುಳ ಹರಿತಗೊಳಿಸಲು ವ್ಯಾಪಕವಾಗಿ ಬಳಕೆಯಾದವು. ಅವುಗಳಲ್ಲಿ ಅನೇಕವು ಇಂದಿಗೂ ಕೈಬದಲಾಗುತ್ತಿವೆ. 1973ರಲ್ಲಿ ಸ್ಥಾಪಿತವಾದ ಉತ್ತರ ಅಮೆರಿಕದ ಕಲಾವಿದ-ಕಮ್ಮಾರರ ಸಂಘದಂತಹ ಸಂಸ್ಥೆಗಳಿಂದ ಕಮ್ಮಾರಿಕೆಗೆ ದೊರೆತ ಮರುಜೀವ ಇದಕ್ಕೊಂದು ಕಾರಣ.

ಕಾರ್ಯವಿಧಾನ

ಈ ಸುತ್ತಿಗೆಗಳನ್ನು ಬಡಿಯುವ ಭಾಗವಾದ ರ‍್ಯಾಮ್‌ನ ತೂಕದಿಂದ ಗುರುತಿಸಲಾಗುತ್ತದೆ: 25, 50, 100, 250 ಮತ್ತು 500 ಪೌಂಡ್. 25 ಪೌಂಡ್ ಎಂದರೆ ಸುಮಾರು 11.3 ಕಿಲೋಗ್ರಾಂ. ಪಟ್ಟಿಯಿಂದ ತಿರುಗುವ ಪುಲ್ಲಿ ಸಾಮಾನ್ಯವಾಗಿ ಶಾಫ್ಟ್ ಮೇಲೆ ಸಡಿಲವಾಗಿ ಸುತ್ತುತ್ತಿರುತ್ತದೆ. ಕೆಲಸಗಾರ ಕಾಲುಮೆಟ್ಟನ್ನು ಒತ್ತಿದಾಗ ಶಂಕುವಿನಾಕಾರದ ಕ್ಲಚ್ ಹಿಡಿದು ಕ್ರ್ಯಾಂಕ್ ತಿರುಗುತ್ತದೆ. ಸ್ಪ್ರಿಂಗ್ ಹಾಗೂ ಮಡಿಕೆ ತೋಳುಗಳ ಮೂಲಕ ರ‍್ಯಾಮ್ ಮೇಲೆ ಕೆಳಗೆ ಚಲಿಸುತ್ತದೆ. ಕ್ಲಚ್ ಎಷ್ಟು ಜಾರಬೇಕೆಂಬುದು ಪಾದದ ಒತ್ತಡದ ಮೇಲೆ ನಿಂತಿರುವುದರಿಂದ ಮೃದುವಾದ ಪೆಟ್ಟೂ ಬಲವಾದ ಪೆಟ್ಟೂ ಒಂದೇ ಯಂತ್ರದಿಂದ ದೊರೆಯುತ್ತವೆ.

ಖರೀದಿಗೆ ಮುನ್ನ

ಎರಕದ ಕಬ್ಬಿಣದ ಚೌಕಟ್ಟು, ರ‍್ಯಾಮ್ ಮತ್ತು ಅಚ್ಚುಗಳನ್ನು ಹಿಡಿದಿಡುವ ಡವ್‌ಟೇಲ್ ಗಾಡಿಗಳನ್ನು ಮೊದಲು ಪರೀಕ್ಷಿಸಬೇಕು. ಗ್ರೀಸು, ಬಣ್ಣದ ಅಡಿಯಲ್ಲಿ ಬಿರುಕು ಅಡಗಿರಬಹುದು. ಅದನ್ನು ಸ್ವಚ್ಛಗೊಳಿಸಿ ಡೈ ಪೆನೆಟ್ರೆಂಟ್ ಪರೀಕ್ಷೆಗೆ ಒಳಪಡಿಸುವುದು ಅಲ್ಪ ಖರ್ಚಿನ ಮುಂಜಾಗ್ರತೆ. ಎರಕದ ಕಬ್ಬಿಣದ ಬೆಸುಗೆಗೆ ಪರಿಣತಿ ಬೇಕು. ನಿರಂತರ ಪೆಟ್ಟು ತಿನ್ನುವ ಜಾಗದಲ್ಲಿ ಅದರ ಬಾಳಿಕೆ ಸಂದೇಹಾಸ್ಪದ. ಚೌಕಟ್ಟು ಸೀಳಿದ್ದರೆ ಬೆಲೆ ಗುಜರಿಯ ತೂಕದ್ದೇ ಆಗಬೇಕು. ಬೇರಿಂಗ್, ಕ್ಲಚ್ ಒಳಪದರ, ಸ್ಪ್ರಿಂಗ್, ಪಿನ್ನುಗಳ ಸವೆತ ಮಾತ್ರ ಸಹಜವಾದುದು. ಅವು ಬದಲಾಯಿಸಲೆಂದೇ ಇರುವ ಭಾಗಗಳು.

ಪುನರ್ನಿರ್ಮಾಣ

ಕೆಲಸದ ಹೃದಯಭಾಗ ಬ್ಯಾಬಿಟ್ ಬೇರಿಂಗ್. ತವರ, ಆಂಟಿಮನಿ ಹಾಗೂ ತಾಮ್ರ ಬೆರೆತ ಈ ಮೃದು ಲೋಹ ತಾನು ಸವೆದು ಉಕ್ಕಿನ ಶಾಫ್ಟನ್ನು ಉಳಿಸುತ್ತದೆ. ಹಳೆಯ ಲೋಹ ತೆಗೆದು, ಶಾಫ್ಟನ್ನು ಸರಿಯಾದ ನೇರದಲ್ಲಿ ನಿಲ್ಲಿಸಿ, ಅದಕ್ಕೆ ಮಸಿ ಹಿಡಿಸಿ, ಭಾಗಗಳನ್ನು ಬಿಸಿಮಾಡಿ, ತುದಿಗಳನ್ನು ಮುಚ್ಚಿ ಹೊಸ ಲೋಹವನ್ನು ಒಂದೇ ಬಾರಿಗೆ ಸುರಿಯಬೇಕು. ತೇವಾಂಶದ ಒಂದು ಹನಿಯಿದ್ದರೂ ಕರಗಿದ ಲೋಹ ಸಿಡಿಯುತ್ತದೆ. ಆದ್ದರಿಂದ ಬಿಸಿಮಾಡುವ ಹಂತವನ್ನು ಎಂದಿಗೂ ಕೈಬಿಡಬಾರದು. ಬಳಿಕ ಎಣ್ಣೆಗಾಡಿ ಕೊರೆದು, ಎರಡು ಅರ್ಧಗಳ ನಡುವೆ ತೆಳು ಶಿಮ್‌ಗಳನ್ನಿಟ್ಟರೆ ಮುಂದಿನ ಸವೆತವನ್ನು ಶಿಮ್ ತೆಗೆದು ಸರಿಪಡಿಸಬಹುದು.

ರ‍್ಯಾಮ್ ಮಾರ್ಗದರ್ಶಿಗಳು ಸಡಿಲವಿದ್ದರೆ ಅಚ್ಚುಗಳು ಓರೆಯಾಗಿ ಕೂಡುತ್ತವೆ. ಅತಿ ಬಿಗಿಯಿದ್ದರೆ ಬಿಸಿಯಾಗುತ್ತವೆ. ಕ್ರ್ಯಾಂಕ್ ತಳದಲ್ಲಿರುವಾಗ ಮೇಲಿನ ಮತ್ತು ಕೆಳಗಿನ ಅಚ್ಚುಗಳ ನಡುವೆ ಅಂತರ ಉಳಿಯಬೇಕು. ವೇಗ ಹೆಚ್ಚಿದಂತೆ ಸ್ಪ್ರಿಂಗ್ ಮಣಿದು ರ‍್ಯಾಮ್ ಇನ್ನಷ್ಟು ಕೆಳಗಿಳಿಯುವುದೇ ಇದಕ್ಕೆ ಕಾರಣ. ಮೋಟಾರು 25 ಪೌಂಡ್ ಯಂತ್ರಕ್ಕೆ ಸುಮಾರು 1 ಅಶ್ವಶಕ್ತಿ, 100 ಪೌಂಡ್ ಯಂತ್ರಕ್ಕೆ ಸುಮಾರು 5 ಅಶ್ವಶಕ್ತಿಯದು ಸಾಕು. ಹೆಚ್ಚಿನ ಉತ್ಪಾದನೆಯ ಆಸೆಯಿಂದ ನಿಗದಿತ ವೇಗ ಮೀರಿಸಿದರೆ ಸ್ಪ್ರಿಂಗ್ ಮುರಿದು ಚೂರು ಹಾರಬಹುದು. ಮೂಲ ಯಂತ್ರದಲ್ಲಿ ಇಲ್ಲದಿದ್ದರೂ ಸ್ಪ್ರಿಂಗ್ ಸುತ್ತ ಗಟ್ಟಿಯಾದ ರಕ್ಷಾಕವಚ ಅಳವಡಿಸುವುದು ಕೆಲಸಗಾರನ ಪ್ರಾಣರಕ್ಷಣೆಯ ವಿಷಯ.

ಮಾರಾಟ

ಹೊಸ ಬಣ್ಣಕ್ಕಿಂತ ಲಿಖಿತ ದಾಖಲೆ ಬೆಲೆ ತರುತ್ತದೆ. ಯಾವ ಭಾಗ ಮೂಲದ್ದು, ಯಾವುದು ಹೊಸದು, ಎಲ್ಲಿ ಬೆಸುಗೆಯಿದೆ ಎಂಬುದನ್ನು ಛಾಯಾಚಿತ್ರ ಸಹಿತ ನೀಡಬೇಕು. ಸರಣಿ ಸಂಖ್ಯೆಯನ್ನು ಅಳಿಸಬಾರದು. ಗ್ರಾಹಕನ ಎದುರಿಗೇ ಕಾಯಿಸಿದ ಸಲಾಕೆಯನ್ನು ಹಗುರ ಹಾಗೂ ಬಲವಾದ ಪೆಟ್ಟುಗಳೆರಡರಲ್ಲೂ ಬಡಿದು ತೋರಿಸಿದರೆ ಚೌಕಾಸಿ ತಗ್ಗುತ್ತದೆ. ಯಂತ್ರದ ಭಾರ ಮೇಲ್ಭಾಗದಲ್ಲಿ ಹೆಚ್ಚಿರುವುದರಿಂದ ಸಾಗಣೆಗೆ ಮುನ್ನ ಅಗಲವಾದ ಮರದ ತಳಕ್ಕೆ ಬೋಲ್ಟ್ ಹಾಕಬೇಕು. ಶಾಫ್ಟಿಗೆ ಸರಪಳಿ ಬಿಗಿದು ಎತ್ತಬಾರದು.

ಬೆಲೆ ನಿಗದಿಯಲ್ಲಿ ಖರೀದಿ, ಸಾಗಣೆ, ಬಿಡಿಭಾಗಗಳ ಜೊತೆಗೆ ಕೂಲಿಯ ಗಂಟೆಗಳನ್ನೂ ಬರೆದಿಡುವುದು ಅಗತ್ಯ. ಸ್ವಂತ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದವರು ಲಾಭವೆಂದು ಭಾವಿಸುವುದು ಅನೇಕ ವೇಳೆ ತಮ್ಮದೇ ಕೂಲಿ. ಭಾರತದಲ್ಲಿ ಬಳಸಿದ ಯಂತ್ರಗಳ ವ್ಯಾಪಾರ ಮಾಡುವವರಿಗೆ ಜಿಎಸ್‌ಟಿ ನಿಯಮ 32(5)ರ ಅಡಿ, ಹೂಡುವಳಿ ತೆರಿಗೆ ಜಮೆ ಪಡೆದಿರದಿದ್ದರೆ, ಮಾರಾಟ ಮತ್ತು ಖರೀದಿ ಬೆಲೆಗಳ ವ್ಯತ್ಯಾಸದ ಮೇಲಷ್ಟೇ ತೆರಿಗೆ ತೆರುವ ಅವಕಾಶವಿದೆ. ಆದರೆ ಸರಕು ಇದ್ದಂತೆಯೇ, ಅಥವಾ ಸ್ವರೂಪ ಬದಲಾಗದ ಅಲ್ಪ ಸಂಸ್ಕರಣೆಯ ಬಳಿಕ ಮಾರಾಟವಾಗಬೇಕೆಂಬ ಷರತ್ತಿದೆ. ಪೂರ್ಣ ಪುನರ್ನಿರ್ಮಾಣಕ್ಕೆ ಕೈಹಾಕುವ ಮೊದಲೇ ಲೆಕ್ಕಪರಿಶೋಧಕರ ಅಭಿಪ್ರಾಯ ಪಡೆಯುವುದು ಕ್ಷೇಮಕರ.