ನಿಮಗಿದು ಗೊತ್ತೆ? ಪ್ರಗತಿ ತೋರಿಸಲು ಹೋಗಿ ಕೆಲಸವೇ ಕುಂಟಿತು!

ಜಾವಾಸ್ಕ್ರಿಪ್ಟ್ ತಂತ್ರಾಂಶಕ್ಕೆ ಬೇಕಾದ ಪ್ಯಾಕೇಜುಗಳನ್ನೂ, ಆ ಪ್ಯಾಕೇಜುಗಳು ನೆಚ್ಚಿಕೊಂಡ ಇನ್ನಷ್ಟನ್ನೂ ತಾನೇ ಹುಡುಕಿ ತಂದು ಅಳವಡಿಸುವ ಸಾಧನ ಎನ್‌ಪಿಎಂ. ಅದರ ಮೂರನೇ ಆವೃತ್ತಿಯಲ್ಲಿ, ಕೆಲಸ ಎಷ್ಟಾಯಿತೆಂದು ತೋರಿಸುವ ಪ್ರೋಗ್ರೆಸ್ ಬಾರ್ ಪರದೆಯ ಮೇಲೆ ಓಡುತ್ತಿತ್ತು. 2016ರ ಜನವರಿಯಲ್ಲಿ ಬಳಕೆದಾರರೊಬ್ಬರು ಅದನ್ನು ಆಫ್ ಮಾಡಿ ನೋಡಿದರೆ, ಅದೇ ಕೆಲಸ ಹೆಚ್ಚುಕಡಿಮೆ ಅರ್ಧ ಸಮಯದಲ್ಲಿ ಮುಗಿದಿತ್ತು! ಸಣ್ಣಪುಟ್ಟ ಹೆಜ್ಜೆಗೂ ಬಾರನ್ನು ಮತ್ತೆ ಮತ್ತೆ ಬಿಡಿಸುತ್ತಿದ್ದದ್ದೇ ಎಡವಟ್ಟು. ಎನ್‌ಪಿಎಂ ನಡೆಯುವ ನೋಡ್ ಎಂಬ ವೇದಿಕೆಯಲ್ಲಿ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಎಳೆಯಲ್ಲಿ, ಹಾಗಾಗಿ ಬಾರ್ ಬಿಡಿಸುವಷ್ಟು ಹೊತ್ತು ಉಳಿದ ಕೆಲಸ ಕಾಯಬೇಕು; ಅಡುಗೆ ಭಟ್ಟರೇ ಪದೇ ಪದೇ ಹೊರಗೆ ಬಂದು ‘ಇನ್ನೇನು ಆಯ್ತು’ ಎಂದು ಹೇಳಿಹೋದಂತೆ. ಬಾರ್ ಬಿಡಿಸುವ ವೇಗಕ್ಕೆ ಆಮೇಲೆ ಕಡಿವಾಣ ಬಿತ್ತು.

ಹಾಗೆಂದು ಬಾರೇ ಬೇಡ ಎನ್ನುವಂತಿಲ್ಲ. ಕಾಯುವವರಿಗೆ ಇಂಥ ಸೂಚಕ ಇದ್ದರೇ ಇಷ್ಟ ಎಂಬುದನ್ನು ಕಂಪ್ಯೂಟರ್ ಸಂಶೋಧಕ ಬ್ರ್ಯಾಡ್ ಮಯರ್ಸ್ 1985ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಆದರೆ ನಡುರಾತ್ರಿ ಸರ್ವರ್ ತನ್ನಷ್ಟಕ್ಕೆ ಅಳವಡಿಕೆ ನಡೆಸುವಾಗ ನೋಡುವವರು ಯಾರು? ಅಲ್ಲಿ ಬಾರಿನ ಗೆರೆಗಳು ಲಾಗ್ ಕಡತದಲ್ಲಿ ಬರೀ ಕಸ. ಅದಕ್ಕೆಂದೇ ಡೆಬಿಯನ್, ಉಬುಂಟು ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ತಂತ್ರಾಂಶ ಅಳವಡಿಸುವ ಆಪ್ಟ್-ಗೆಟ್‌ನಲ್ಲಿ ‘-ಕ್ಯೂ’ ಎಂಬ ಆಯ್ಕೆಯಿದೆ: ಪ್ರಗತಿಸೂಚಕ ಬಿಟ್ಟು, ಲಾಗ್‌ಗೆ ಒಪ್ಪುವಷ್ಟನ್ನು ಮಾತ್ರ ಅದು ಬರೆಯುತ್ತದೆ.