ವಯಸ್ಕರಲ್ಲಿ ಎಡಿಎಚ್‌ಡಿ ಹಾಗೂ ಓದಿನಲ್ಲಿ ಕಣ್ಣಿನ ಚಲನೆ

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಸಂಕ್ಷೇಪವಾಗಿ ಎಡಿಎಚ್‌ಡಿ, ಬಾಲ್ಯದಲ್ಲಿಯೇ ಆರಂಭವಾಗುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅನೇಕರಲ್ಲಿ ಇದು ವಯಸ್ಕರಾದ ಮೇಲೂ ಉಳಿಯುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿಯು, ದೀರ್ಘವಾದ ಓದಿನಲ್ಲಿ ಗಮನ ನಿಲ್ಲದಿರುವುದನ್ನು ಇದರ ಲಕ್ಷಣಗಳಿಗೆ ಉದಾಹರಣೆಯಾಗಿ ಕೊಡುತ್ತದೆ. ಪುಟದ ಕೊನೆಯನ್ನು ಮುಟ್ಟಿದ್ದರೂ ಓದಿದ್ದೇನೆಂಬುದು ತಿಳಿಯದೆ ಮತ್ತೆ ಮೊದಲಿನಿಂದ ಓದಬೇಕಾಗುವುದು ಇಂಥವರ ಸಾಮಾನ್ಯ ಅನುಭವ.

ಓದುವ ಕಣ್ಣು

ಓದುವಾಗ ಕಣ್ಣು ಸಾಲಿನುದ್ದಕ್ಕೂ ಒಂದೇ ಸಮನೆ ಜಾರಿಕೊಂಡು ಹೋಗುವುದಿಲ್ಲ; ನೆಗೆಯುತ್ತದೆ, ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ. ಫ್ರಾನ್ಸಿನ ನೇತ್ರವೈದ್ಯ ಲೂಯಿ ಎಮಿಲ್ ಜಾವಾಲರ ಪ್ರಯೋಗಾಲಯದಲ್ಲಿ ಇದನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಗಮನಿಸಲಾಗಿತ್ತು. ಈ ನೆಗೆತಕ್ಕೆ ಸ್ಯಾಕೇಡ್ ಎಂದು ಹೆಸರು. ಇಂಗ್ಲಿಷ್ ಓದುವ ನುರಿತ ವಯಸ್ಕರಲ್ಲಿ ಒಂದು ನಿಲುಗಡೆ ಸರಾಸರಿ 200ರಿಂದ 250 ಮಿಲಿಸೆಕೆಂಡು, ನೆಗೆತ 20ರಿಂದ 40 ಮಿಲಿಸೆಕೆಂಡು ಇರುತ್ತದೆ. ಅಕ್ಷರಗಳನ್ನು ಗ್ರಹಿಸುವುದು ನಿಲುಗಡೆಯಲ್ಲಿ ಮಾತ್ರ. ನೆಗೆತಗಳಲ್ಲಿ ಶೇಕಡಾ 10ರಿಂದ 15ರಷ್ಟು ಹಿಮ್ಮುಖವಾಗಿರುತ್ತವೆ. ಆದ್ದರಿಂದ ಹಿಂದಕ್ಕೆ ನೋಡುವುದೇ ದೋಷವಲ್ಲ. ಒತ್ತಕ್ಷರ, ಗುಣಿತಾಕ್ಷರಗಳಿರುವ ಕನ್ನಡ ಲಿಪಿಗೆ ಈ ಅಂಕಿಗಳನ್ನು ಹಾಗೆಯೇ ಅನ್ವಯಿಸುವುದು ಸರಿಯಾಗದು.

ಕಣ್ಣು ಮತ್ತು ಗಮನ

ಸಾಮಾನ್ಯ ಓದಿನಲ್ಲಿ ಕಣ್ಣು ನೆಗೆಯುವ ಮೊದಲೇ ಗಮನವು ಮುಂದಿನ ಪದದತ್ತ ಸರಿದಿರುತ್ತದೆ. ಅಪರಿಚಿತ ಪದದ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ, ಪರಿಚಿತ ಪದವನ್ನು ಬೇಗ ದಾಟುತ್ತದೆ. ಆದರೆ ಮನಸ್ಸು ಬೇರೆಡೆಗೆ ಹೋದರೂ ಕಣ್ಣು ಸಾಲುಗಳ ಮೇಲೆ ಚಲಿಸುತ್ತಲೇ ಇರಬಲ್ಲದು. ಎರಿಕ್ ರೈಕ್ಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಅನ್ಯಮನಸ್ಕ ಓದಿನ ವೇಳೆ ನಿಲುಗಡೆಗಳು ದೀರ್ಘವಾದವು. ಪದ ಪರಿಚಿತವೋ ಅಪರಿಚಿತವೋ ಎಂಬುದರ ಪ್ರಭಾವವೂ ಅವುಗಳ ಮೇಲೆ ತಗ್ಗಿತು. ಅದು ಎಡಿಎಚ್‌ಡಿ ಕುರಿತ ಅಧ್ಯಯನವಲ್ಲ. ಮನಸ್ಸು ಅಲೆಯುವುದು ಎಲ್ಲ ಓದುಗರಿಗೂ ಉಂಟು. ಎಡಿಎಚ್‌ಡಿ ಇರುವವರಲ್ಲಿ ಅದು ಪದೇಪದೇ ಆಗುತ್ತದೆ. ಇದನ್ನು ಸೋಮಾರಿತನವೆಂದು ಕರೆಯುವುದು ತಪ್ಪು ತಿಳಿವಳಿಕೆ.

ಇನ್ನೊಂದು ಅಂಶವೆಂದರೆ ತಡೆಹಿಡಿಯುವ ಶಕ್ತಿ. ಒಂದು ಬದಿಯಲ್ಲಿ ಚುಕ್ಕೆ ಮೂಡಿದಾಗ ಅದರ ವಿರುದ್ಧ ದಿಕ್ಕಿಗೆ ನೋಡಬೇಕಾದ ಪರೀಕ್ಷೆಯೊಂದಿದೆ. ಡಗ್ಲಸ್ ಮುನೋಜ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ವರದಿ ಮಾಡಿದಂತೆ, ಎಡಿಎಚ್‌ಡಿ ಇರುವ ಮಕ್ಕಳೂ ವಯಸ್ಕರೂ ಇದರಲ್ಲಿ ಹೆಚ್ಚು ಬಾರಿ ಚುಕ್ಕೆಯತ್ತಲೇ ನೋಡಿಬಿಟ್ಟರು. ಒಂದೆಡೆ ದೃಷ್ಟಿ ನೆಟ್ಟಿರಬೇಕಾದಾಗಲೂ ಅವರಲ್ಲಿ ಬೇಡದ ನೆಗೆತಗಳು ಕಂಡುಬಂದವು. ಕಣ್ಣಿನ ಸ್ನಾಯುಗಳ ದೌರ್ಬಲ್ಯದಿಂದಲ್ಲ, ಮಿದುಳಿನ ನಿಯಂತ್ರಣದಲ್ಲಿನ ವ್ಯತ್ಯಾಸದಿಂದ ಹೀಗಾಗುತ್ತದೆಂಬುದು ಸಂಶೋಧಕರ ವಿವರಣೆ.

ರೋಗನಿರ್ಣಯ

ಕಣ್ಣಿನ ಚಲನೆಯನ್ನು ಅಳೆದು ಎಡಿಎಚ್‌ಡಿ ಇದೆ ಎಂದು ನಿರ್ಧರಿಸಲಾಗದು. ಇದರೊಂದಿಗೆ ಹಲವು ವೇಳೆ ಕಂಡುಬರುವ ಡಿಸ್ಲೆಕ್ಸಿಯಾದಲ್ಲಿಯೂ ನಿಲುಗಡೆಗಳು ದೀರ್ಘವಾಗಿರುತ್ತವೆ, ಹಿಮ್ಮುಖ ನೆಗೆತಗಳು ಹೆಚ್ಚಿರುತ್ತವೆ. ಡಿಎಸ್‌ಎಂ-5ರ ಪ್ರಕಾರ, 17 ವರ್ಷ ತುಂಬಿದವರಲ್ಲಿ ಗಮನಹೀನತೆಯ ಅಥವಾ ಅತಿಚಟುವಟಿಕೆಯ ಕನಿಷ್ಠ 5 ಲಕ್ಷಣಗಳಿರಬೇಕು, ಹಲವು ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಹೀಗಾಗಿ ಬಾಲ್ಯದ ವಿವರಗಳನ್ನು ಕೇಳಿ ತಿಳಿಯುವುದು ವಯಸ್ಕರ ತಪಾಸಣೆಯ ಮುಖ್ಯ ಭಾಗವಾಗಿದೆ.