ಮನಸ್ಸಿನ ಗಾಯವೂ ಮಾಯುವುದೇ?

ಉಕ್ಕಿನ ತಂತಿಯನ್ನು ಅದರ ಸ್ಥಿತಿಸ್ಥಾಪಕ ಮಿತಿ ಮೀರಿ ಎಳೆದರೆ, ಭಾರವನ್ನು ತೆಗೆದ ಮೇಲೂ ಅದು ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರ ಬಾಳೂ ಹೀಗೆಯೇ ಎಂದು ಅನೇಕರು ತಿಳಿದಿದ್ದಾರೆ. ಈ ಹೋಲಿಕೆಯನ್ನು ನಾವು ಒಪ್ಪಲಾರೆವು. ತಂತಿಯು ಕಲಿಯುವುದಿಲ್ಲ, ಮಿದುಳು ಕಲಿಯುತ್ತದೆ.

ಮಿದುಳಿನೊಳಗೆ ಬಾದಾಮಿಯ ಆಕಾರದ, ಅಮಿಗ್ಡಲವೆಂಬ ಭಾಗವುಂಟು. ಅಪಾಯದ ಸುಳಿವು ದೊರೆತೊಡನೆ ಅದು ದೇಹವನ್ನು ಎಚ್ಚರಿಸುತ್ತದೆ. ಎದೆಬಡಿತವೇರುತ್ತದೆ, ಕೆಲವೊಮ್ಮೆ ಕೈಕಾಲು ಮರಗಟ್ಟಿ ಕೂಗಲೂ ಆಗುವುದಿಲ್ಲ. 'ಮಗು ಏಕೆ ಕಿರುಚಲಿಲ್ಲ?' ಎಂದು ಕೇಳುವ ಹಿರಿಯರು ಇದನ್ನು ಅರಿಯಬೇಕು. ವರ್ಷಗಳು ಕಳೆದ ಮೇಲೂ ಒಂದು ವಾಸನೆ, ಒಂದು ಹೆಜ್ಜೆಯ ಸಪ್ಪಳ ಆ ಭಯವನ್ನು ಕೆರಳಿಸಬಲ್ಲದು.

ಚಿಕಿತ್ಸೆಯು ನೆನಪನ್ನು ಅಳಿಸುವುದಿಲ್ಲ. ನಂಬುಗೆಯುಳ್ಳವರ ಮುಂದೆ ಮಗುವು ಚಿತ್ರ, ಆಟ, ಮಾತುಗಳ ಮೂಲಕ ತನ್ನ ಅನುಭವವನ್ನು ಸ್ವಲ್ಪಸ್ವಲ್ಪವಾಗಿ ಹೊರಗೆಡಹಿದಂತೆ, ಹಳೆಯ ಸುಳಿವು ಈಗಿನ ಅಪಾಯವಲ್ಲವೆಂದು ಮಿದುಳು ಹೊಸದಾಗಿ ಕಲಿಯುತ್ತದೆ. ಬೆಳೆದವರಲ್ಲಿಯೂ ಇದು ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಚಿಕಿತ್ಸೆ ದೊರೆಯುತ್ತದೆ.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಂತಹ ಊರಿಗೆ ಬೆಂಗಳೂರು ದೂರ. ಆದರೆ ಮೊದಲ ಮದ್ದು ಊರಿನಲ್ಲಿಯೇ ಇದೆ: ಮಗು ಹೇಳಿದುದನ್ನು ಅಜ್ಜಿಯೋ ತಾಯಿಯೋ ಉಪಾಧ್ಯಾಯರೋ ನಂಬಿ, 'ತಪ್ಪು ನಿನ್ನದಲ್ಲ' ಎನ್ನುವುದು. ಪೀಡಿಸಿದವನು ಬಹುಮಟ್ಟಿಗೆ ಪರಿಚಿತನೇ ಆಗಿರುವುದರಿಂದ 'ಮನೆಯ ಮಾನ'ವೆಂಬ ಮಾತು ಅಡ್ಡ ಬರುತ್ತದೆ. ಯಾರ ಮಾನ? 2012ರ ಪೋಕ್ಸೊ ಕಾಯಿದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 1098 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ನೆರವು ಕೇಳಬಹುದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಬರೆದುಕೊಳ್ಳಬಹುದು. ಬರೆದುಕೊಳ್ಳುವ ಅಧಿಕಾರಿಯು ಆಗ ಸಮವಸ್ತ್ರದಲ್ಲಿರಕೂಡದು.